ಒಂದು ಹೆಸರು, ಎರಡು ಮೊಲ

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಆ ಗಾದೆಯ ಮೊಲ ಯಾವುದು? ಭದ್ರಾವತಿಯಲ್ಲಿ ಚಿತ್ರೀಕರಣಕ್ಕೆಂದು ಹೋಗಿದ್ದಾಗ ಈ ಪ್ರಶ್ನೆ ನನಗೆ ಎದುರಾಯಿತು.

ಕಾರ್ಖಾನೆಯ ಕ್ವಾರ್ಟರ್ಸ್‌ನ ಮನೆಯೊಂದರ ಹಿತ್ತಿಲಲ್ಲಿ ಬಿಳಿಯ ಗಂಡು ಮೊಲವೊಂದು ಗೂಡಿನ ಮೂಲೆ ಹಿಡಿದು ಕುಳಿತಿತ್ತು. ಅದರ ಕಿವಿ ಹರಿದಿತ್ತು. ಜೊತೆಗಿರಲೆಂದು ಶಿವಮೊಗ್ಗದಿಂದ ಇನ್ನೊಂದು ಗಂಡನ್ನು ತಂದು ಅದೇ ಗೂಡಿಗೆ ಬಿಟ್ಟಿದ್ದರಂತೆ. ಎರಡೂ ರಾತ್ರಿಯೆಲ್ಲ ಕಾದಾಡಿ, ಬೆಳಗಾಗುವಷ್ಟರಲ್ಲಿ ಹೊಸದು ಸತ್ತಿತ್ತು. “ಮೊಲ ಒಂಟಿ ಪ್ರಾಣಿ ಸಾರ್. ಹೊಲದಲ್ಲಿ ಒಂದೊಂದೇ ಅಲ್ಲವೇ ಇರೋದು?” ಎಂದ ಆ ಮನೆಯ ಹೈಸ್ಕೂಲು ಹುಡುಗ.

ಅವನು ಹೊಲದಲ್ಲಿ ಕಂಡದ್ದು ಸುಳ್ಳಲ್ಲ. ಆದರೆ ಆ ಮೊಲವೇ ಬೇರೆ. ನಮ್ಮ ನಾಡಿನ ಕಾಡುಮೊಲಕ್ಕೆ ಕತ್ತಿನ ಹಿಂದೆ ಕಪ್ಪು ಮಚ್ಚೆಯಿರುತ್ತದೆ. ಅದು ಬಿಲ ತೋಡದೆ, ಹುಲ್ಲಿನ ಮರೆಯಲ್ಲಿ ಬಹುಮಟ್ಟಿಗೆ ಒಂಟಿಯಾಗಿ ಬದುಕುತ್ತದೆ. ಅದರ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ಕೂದಲಿರುತ್ತದೆ. ಸಾಕುಮೊಲದ ಮೂಲ ಸ್ಪೇನ್ ಮತ್ತು ಪೋರ್ಚುಗಲ್‌ಗಳಿರುವ ಐಬೀರಿಯಾ. ಅದು ಬಿಲದಲ್ಲಿ ಗುಂಪಾಗಿ ಬಾಳುವ ಪ್ರಾಣಿ. ಅದರ ಮರಿಗೆ ಹುಟ್ಟುವಾಗ ಕೂದಲಿಲ್ಲ, ಕಣ್ಣೂ ತೆರೆದಿಲ್ಲ. ವರ್ಣತಂತುಗಳು ಕಾಡುಮೊಲದಲ್ಲಿ 48, ಸಾಕುಮೊಲದಲ್ಲಿ 44.

ಕ್ರಿ.ಪೂ. 1ನೆಯ ಶತಮಾನದ ರೋಮನ್ ವಿದ್ವಾಂಸ ವಾರೋ ಈ ಭೇದವನ್ನು ಗುರುತಿಸಿದ್ದ. ಲ್ಯಾಟಿನ್ನಿನಲ್ಲಿ ಹೊಲದ ಮೊಲ ‘ಲೆಪಸ್’, ಬಿಲ ತೋಡುವ ಸ್ಪೇನಿನ ಮೊಲ ‘ಕುನಿಕ್ಯುಲಸ್’. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು. ಆ ಹುಡುಗನ ತಪ್ಪಿಗೆ ಮೂಲ ಇದೇ.

ಕ್ರಿ.ಶ. 600ರ ಸುಮಾರಿಗೆ ಪೋಪರ ಆಜ್ಞೆಯೊಂದರಿಂದಾಗಿ ಫ್ರಾನ್ಸಿನ ಸಂನ್ಯಾಸಿಗಳು ಮೊಲವನ್ನು ಪಳಗಿಸಿದರೆಂಬ ಕಥೆ ಬಹುಕಾಲ ಪುಸ್ತಕಗಳಲ್ಲಿತ್ತು. ಅಂಥ ಆಜ್ಞೆಗೆ ಆಧಾರವಿಲ್ಲವೆಂದು 2018ರಲ್ಲಿ ಸಂಶೋಧಕರು ತೋರಿಸಿದರು. ಪಳಗಿಸುವ ಕೆಲಸ ಒಂದು ದಿನದ್ದಲ್ಲ, ಶತಮಾನಗಳದ್ದು. ಆ ಅವಧಿಯಲ್ಲಿ ಮೊಲದ ಬಣ್ಣ ಬದಲಾಯಿತು, ಮನುಷ್ಯನ ಭಯ ಕಡಿಮೆಯಾಯಿತು. ಗುಂಪಿನ ಸ್ವಭಾವ ಮಾತ್ರ ಉಳಿಯಿತು.

ಹಾಗಾದರೆ ಆ ಎರಡು ಮೊಲಗಳು ಕಾದಾಡಿದ್ದೇಕೆ? ವೇಲ್ಸಿನ ರೊನಾಲ್ಡ್ ಲಾಕ್ಲಿ ಮೊಲಗಳ ಗುಂಪುಗಳನ್ನು ಹತ್ತಿರದಿಂದ ಗಮನಿಸಿ 1964ರಲ್ಲಿ ಪುಸ್ತಕ ಪ್ರಕಟಿಸಿದರು. ಗುಂಪಿನಲ್ಲಿ ಮೇಲು-ಕೀಳಿನ ಶ್ರೇಣಿಯುಂಟು, ಗುಂಪಿಗೊಂದು ಗಡಿಯುಂಟು. ಗಡಿ ದಾಟಿ ಬಂದ ಅಪರಿಚಿತ ಮೊಲ ಶತ್ರುವೇ. ಬಿಲದಲ್ಲಾದರೆ ಸೋತದ್ದು ಓಡಿಹೋಗಬಹುದು. ಗೂಡಿನಲ್ಲಿ ಓಡಲು ದಾರಿ ಎಲ್ಲಿ?

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಜೊತೆ ಕೂಡಿಸಲು ಸಹನೆ ಬೇಕು. ಮೊದಲು ಪಶುವೈದ್ಯರಿಂದ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು. ಚಿಕಿತ್ಸೆಯಾದ ಮೇಲೂ ಗಂಡನ್ನು ನಾಲ್ಕರಿಂದ ಆರು ವಾರ ಹೆಣ್ಣಿನಿಂದ ದೂರವಿಡಬೇಕು. ಎರಡು ಗೂಡುಗಳನ್ನು ಕಚ್ಚಲಾಗದಷ್ಟು ಅಂತರದಲ್ಲಿ ಅಕ್ಕಪಕ್ಕ ಇಟ್ಟು, ಹಾಸಿದ ಹುಲ್ಲನ್ನು ಅದಲುಬದಲು ಮಾಡಿದರೆ ವಾಸನೆಯ ಪರಿಚಯವಾಗುತ್ತದೆ. ಬಳಿಕ ಎರಡಕ್ಕೂ ಹೊಸದಾದ ಜಾಗದಲ್ಲಿ ನಮ್ಮ ಕಣ್ಣೆದುರೇ ದಿನಕ್ಕೆ ಕೆಲವು ನಿಮಿಷ ಬಿಡಬೇಕು. ತುಸು ಅಟ್ಟಾಡಿಸುವುದು ಶ್ರೇಣಿಯ ನಿರ್ಣಯ. ಕಚ್ಚಾಟ ಶುರುವಾದರೆ ದಪ್ಪ ಟವೆಲ್ಲಿನಿಂದ ಬೇರ್ಪಡಿಸಬೇಕು. ಒಂದನ್ನೊಂದು ನೆಕ್ಕಿ, ಮೈಗೆ ಮೈ ತಾಗಿಸಿ ಮಲಗುವಂತಾದ ಮೇಲೆಯೇ ಒಂದೇ ಗೂಡು. ಇದಕ್ಕೆ ವಾರಗಳೇ ಹಿಡಿಯಬಹುದು.

ಹೊಲದ ಮೊಲವನ್ನು ಮಾತ್ರ ಹಿಡಿಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ.

ಹೊರಡುವಾಗ ಆ ಹುಡುಗ ಕೇಳಿದ: “ಹಾಗಾದರೆ ಇನ್ನೊಂದು ತರಬಹುದಾ ಸಾರ್?” ತರಬಹುದು, ಆದರೆ ಮೊದಲು ಇನ್ನೊಂದು ಗೂಡು ಮಾಡು ಎಂದೆ.