ಯಾರ ಕಾಲದ ಗೆಲುವು, ಯಾರ ಗೆಲುವು: ಬಿಎಫ್‌ಸಿಯ ಒಂದು ಪಂದ್ಯ ಕುರಿತ ಟಿಪ್ಪಣಿ

2021ರ ಫೆಬ್ರವರಿ 2ರಂದು ಗೋವಾದ ವಾಸ್ಕೊ ಪಟ್ಟಣದ ತಿಲಕ್ ಮೈದಾನದಲ್ಲಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡ ಈಸ್ಟ್ ಬೆಂಗಾಲ್ ತಂಡವನ್ನು 2–0ಯಿಂದ ಸೋಲಿಸಿತು. ಸತತ ಎಂಟು ಪಂದ್ಯಗಳಲ್ಲಿ ಗೆಲುವು ಕಾಣದಿದ್ದ ತಂಡಕ್ಕೆ ಅದು ಬಿಡುಗಡೆ. ಜನವರಿ ಮೊದಲ ವಾರ ಹೊಣೆ ಹೊತ್ತಿದ್ದ ಹಂಗಾಮಿ ಕೋಚ್ ನೌಶಾದ್ ಮೂಸಾ ಅವರಿಗೆ ಆರನೆಯ ಪಂದ್ಯದಲ್ಲಿ ದಕ್ಕಿದ ಮೊದಲ ಜಯ. ಕೋಚ್ ಬದಲಾದರೆ ತಂಡ ಚೇತರಿಸಿಕೊಳ್ಳುತ್ತದೆ ಎನ್ನುವವರಿಗೆ ಇಂಥ ಪಂದ್ಯ ಒಳ್ಳೆಯ ಸಾಕ್ಷಿಯಾಗಿ ಕಾಣುತ್ತದೆ. ಆ ಸಾಕ್ಷಿ ಎಷ್ಟು ಗಟ್ಟಿ ಎಂದು ನೋಡುವುದು ಇಲ್ಲಿಯ ಉದ್ದೇಶ.

ಪ್ರಶ್ನೆಯನ್ನು ಹೀಗೆ ಕೇಳಲು ನನಗೆ ಕಲಿಸಿದ್ದು ಕುಬಟೂರು. ಸೊರಬ ತಾಲ್ಲೂಕಿನ ಆನವಟ್ಟಿಯ ಪಕ್ಕದ ಈ ಊರಿಗೆ ಹೊರಗಿನವರು ಬರುವುದು ಕೈಟಭೇಶ್ವರ ದೇವಾಲಯ ನೋಡಲು. ನನಗೆ ಈ ಸೀಮೆಯ ಸೆಳೆತ ವೀರಗಲ್ಲುಗಳದು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ ಶಿಕಾರಿಪುರದ, 8ನೇ ಸಂಪುಟದಲ್ಲಿ ಸೊರಬದ ಶಾಸನಗಳಿವೆ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವರ ಕಲ್ಲುಗಳು ಅವುಗಳಲ್ಲಿ ಹೇರಳ. ಇಂಥ ಬರಹ ಸಾಮಾನ್ಯವಾಗಿ ಆಳುವ ಅರಸನ ಬಿರುದುಗಳಿಂದ ಮೊದಲಾಗುತ್ತದೆ, ನಡುವೆ ಮಂಡಲೇಶ್ವರನ ಹೆಸರು, ಕಡೆಗೆ ಆ ಊರಿನ ಆಳು. ಮೊದಲ ಸಾಲಿನ ಅರಸ ಆ ಕಾಳಗಕ್ಕೆ ಬಂದೇ ಇರಲಿಲ್ಲ ಎಂಬುದು ಓದುವವರಿಗೆಲ್ಲ ಗೊತ್ತು. ಅವನ ಹೆಸರು ಕಾಲವನ್ನು ತಿಳಿಸುತ್ತದೆ, ಗೆಲುವಿನ ಕಾರಣವನ್ನಲ್ಲ. ಕಾಲ್ಚೆಂಡಾಟದ ದಾಖಲೆಯಲ್ಲಿ ಕೋಚ್‌ ಹೆಸರನ್ನೂ ಮೊದಲು ಹೀಗೆಯೇ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆ ಚಿಕ್ಕದು. 2013ರಲ್ಲಿ ಹುಟ್ಟಿದ ಬಿಎಫ್‌ಸಿ ಎರಡು ಬಾರಿ ಐ–ಲೀಗ್ ಗೆದ್ದು, 2019ರ ಮಾರ್ಚ್‌ನಲ್ಲಿ ಎಫ್‌ಸಿ ಗೋವಾ ತಂಡವನ್ನು 1–0ಯಿಂದ ಮಣಿಸಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಿರೀಟವನ್ನೂ ತೊಟ್ಟಿತ್ತು. ಆಗ ಕೋಚ್ ಆಗಿದ್ದವರು ಸ್ಪೇನಿನ ಕಾರ್ಲ್ಸ್ ಕ್ವದ್ರತ್. ಕೋವಿಡ್‌ನ ಆ ವರ್ಷ, 2020–21ರಲ್ಲಿ, ಹನ್ನೊಂದು ತಂಡಗಳ ಇಡೀ ಲೀಗ್ ಗೋವಾದ ಮೂರು ಮೈದಾನಗಳಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗವೂ ಮನೆಯಲ್ಲಿ ಟಿ.ವಿ. ಮುಂದೆ. ಮೊದಲ ಆರು ಪಂದ್ಯಗಳಲ್ಲಿ ಬಿಎಫ್‌ಸಿ ಸೋಲಲಿಲ್ಲ: ಮೂರು ಜಯ, ಮೂರು ಡ್ರಾ. ಆಮೇಲೆ ಎಟಿಕೆ ಮೋಹನ್ ಬಾಗಾನ್ ಎದುರು 0–1, ಜೆಮ್‌ಷೆಡ್‌ಪುರ ಎದುರು 0–1, ಜನವರಿ 5ರಂದು ಮುಂಬೈ ಸಿಟಿ ಎದುರು 1–3. ಮರುದಿನವೇ ಕ್ವದ್ರತ್ ಹೊರನಡೆದರು.

ಮೂಸಾ ಬೆಂಗಳೂರಿನ ಎರಡನೇ ತಂಡದ ಹುಡುಗರನ್ನು ತಿದ್ದುತ್ತಿದ್ದವರು. ಜನವರಿ 9ರಂದು ಅವರ ಮೊದಲ ಪಂದ್ಯ, ಎದುರಾಳಿ ಇದೇ ಈಸ್ಟ್ ಬೆಂಗಾಲ್, 0–1ರ ಸೋಲು. ನಾರ್ತ್‌ಈಸ್ಟ್ ಜೊತೆ 1–1. ಕೇರಳ ಬ್ಲಾಸ್ಟರ್ಸ್ ಎದುರು ಪಂದ್ಯದ ಕೊನೆಯ ಉಸಿರಿನಲ್ಲಿ ಗೋಲು ಬಿಟ್ಟುಕೊಟ್ಟು 1–2. ಒಡಿಶಾ ಜೊತೆ 1–1. ಜನವರಿ 28ರಂದು ಹೈದರಾಬಾದ್ ಎದುರು ಸುನಿಲ್ ಚೆಟ್ರಿ ಮತ್ತು ಲಿಯೋನ್ ಆಗಸ್ಟಿನ್ ಗಳಿಸಿದ ಎರಡು ಗೋಲುಗಳ ಮುನ್ನಡೆ 85 ನಿಮಿಷ ದಾಟಿದ ಮೇಲೂ ಉಳಿದಿತ್ತು; ಕೊನೆಗೆ 2–2. ಆ ರಾತ್ರಿಯ ಆಟ ನೋಡಿದವರಿಗೆ ಅದು ಸೋತ ಹಾಗೆಯೇ ಇತ್ತು. ದಾಖಲೆಯ ದೃಷ್ಟಿಯಿಂದ ಮಾತ್ರ ಅದಕ್ಕೆ ಬೇರೆ ಬೆಲೆ ಇದೆ: ಫೆಬ್ರವರಿ 2ರ ಗೆಲುವು ಆಕಾಶದಿಂದ ಉದುರಿದ್ದಲ್ಲ, ಐದು ದಿನ ಮೊದಲೇ ಬಾಗಿಲವರೆಗೆ ಬಂದು ಹಿಂದಿರುಗಿತ್ತು.

ಇನ್ನು ಆ ಪಂದ್ಯ. 12ನೇ ನಿಮಿಷದಲ್ಲಿ ಬ್ರೆಜಿಲ್‌ನ ಕ್ಲೀಟನ್ ಸಿಲ್ವಾ ಗೋಲು ಹೊಡೆದರು. ವಿರಾಮಕ್ಕೆ ಮುಂಚೆ ಗೋಲ್‌ಕಂಬಕ್ಕೆ ಬಡಿದು ಮರಳಿದ ಚೆಂಡು ಗೋಲ್‌ಕೀಪರ್ ದೇಬ್‌ಜಿತ್ ಮಜುಂದಾರ್ ಮೈಗೆ ತಾಗಿ ಒಳಗೆ ಹೋಯಿತು. ನಮ್ಮ ಪತ್ರಿಕೆಗಳ ಮಾತಿನಲ್ಲಿ ಉಡುಗೊರೆ ಗೋಲು. ಎರಡರಲ್ಲಿ ಒಂದು ಅದೃಷ್ಟದ್ದು ಎಂದು ಗೆಲುವನ್ನು ಕಡಿಮೆ ಮಾಡಲು ನಾನು ಒಪ್ಪುವುದಿಲ್ಲ. ನನ್ನ ಕಣ್ಣಿಗೆ ಮುಖ್ಯವಾದದ್ದು ಇನ್ನೊಂದು ಬದಿಯ ಸೊನ್ನೆ. ಹಿಂದಿನ ಡಿಸೆಂಬರ್ 4ರಂದು ಚೆನ್ನೈಯಿನ್ ತಂಡವನ್ನು 1–0ಯಿಂದ ಸೋಲಿಸಿದ ಮೇಲೆ ನಡೆದ ಹನ್ನೊಂದು ಪಂದ್ಯಗಳಲ್ಲೂ ಬಿಎಫ್‌ಸಿ ಗೋಲು ಬಿಟ್ಟುಕೊಟ್ಟಿತ್ತು. ಆ ಸಾಲು ಇಲ್ಲಿ ಕಡಿಯಿತು. ಮುಂದಿನ ಪಂದ್ಯವೂ ಚೆನ್ನೈಯಿನ್ ಎದುರು 0–0.

ಈಗ ಕೋಚ್ ಬದಲಾವಣೆಯ ಲೆಕ್ಕ. ಕ್ವದ್ರತ್ ಇದ್ದ ಒಂಬತ್ತು ಪಂದ್ಯಗಳಿಂದ 12 ಅಂಕ, ಮೂಸಾ ಇದ್ದ ಹನ್ನೊಂದರಿಂದ 10. ಪಂದ್ಯಕ್ಕೆ ಸರಾಸರಿ 1.33 ಇದ್ದದ್ದು 0.91ಕ್ಕೆ ಇಳಿಯಿತು. ಎದುರಾಳಿಗಳು ಬೇರೆಯಿದ್ದರೆ ಈ ಹೋಲಿಕೆ ನಿಲ್ಲದು ಎಂದು ಯಾರಾದರೂ ಆಕ್ಷೇಪಿಸಬಹುದು, ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಋತುವಿನ ವೇಳಾಪಟ್ಟಿ ಸಂಶೋಧಕನಿಗೆ ಅಪರೂಪದ ಅನುಕೂಲ ಮಾಡಿಕೊಟ್ಟಿದೆ: ಈಸ್ಟ್ ಬೆಂಗಾಲನ್ನು ಬಿಟ್ಟರೆ ಉಳಿದ ಒಂಬತ್ತೂ ತಂಡಗಳನ್ನು ಬಿಎಫ್‌ಸಿ ಒಮ್ಮೆ ಕ್ವದ್ರತ್ ಕೈಕೆಳಗೆ, ಒಮ್ಮೆ ಮೂಸಾ ಕೈಕೆಳಗೆ ಎದುರಿಸಿತು. ತವರು, ಹೊರಗು ಎಂಬ ಭೇದವೂ ಗೋವಾದಲ್ಲಿ ಹೆಸರಿಗಷ್ಟೇ. ಆ ಒಂಬತ್ತು ಜೋಡಿಗಳಲ್ಲಿ ಮೊದಲ ಸುತ್ತಿನ 12 ಅಂಕ ಎರಡನೇ ಸುತ್ತಿನಲ್ಲಿ 7 ಆಯಿತು. ಚೆನ್ನೈಯಿನ್, ಕೇರಳ, ಒಡಿಶಾ, ಗೋವಾ ಎದುರು ಫಲಿತಾಂಶ ಕೆಳಗಿಳಿದಿದೆ; ನಾಲ್ಕು ತಂಡಗಳ ಎದುರು ಹಾಗೆಯೇ ಉಳಿದಿದೆ; ಮೇಲೇರಿದ್ದು ಒಂದೇ ಕಡೆ, ಮುಂಬೈ ಸಿಟಿ ಎದುರು. ಫೆಬ್ರವರಿ 15ರ ಆ 4–2 ಗೆಲುವು ಕೊನೆಗೆ ಚಾಂಪಿಯನ್ ಆದ ತಂಡದ ಮೇಲಿನದು. ಮೂಸಾ ಅವರ ಕೆಲಸವನ್ನು ಅಳೆಯಲು ಒಂದೇ ಪಂದ್ಯ ಆರಿಸಬೇಕಾದರೆ ನಾನು ಮೊದಲ ಗೆಲುವನ್ನು ಬಿಟ್ಟು ಇದನ್ನು ಆರಿಸುತ್ತೇನೆ.

ಒಂಬತ್ತು ಜೋಡಿಗಳಿಂದ ನಿಯಮ ಕಟ್ಟಲಾಗದು. ದೊಡ್ಡ ರಾಶಿ ಬೇಕಾದವರು ಡಚ್ ಅರ್ಥಶಾಸ್ತ್ರಜ್ಞ ಬಾಸ್ ತೆರ್ ವೇಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬಹುದು. 1986ರಿಂದ 2004ರವರೆಗಿನ ನೆದರ್ಲೆಂಡ್ಸ್ ಲೀಗ್‌ನಲ್ಲಿ ಕೋಚ್ ಬದಲಿಸಿದ ಕ್ಲಬ್‌ಗಳನ್ನು, ಅಷ್ಟೇ ಕುಸಿದರೂ ಬದಲಿಸದ ಕ್ಲಬ್‌ಗಳ ಪಕ್ಕ ಇಟ್ಟಾಗ, ಬದಲಾವಣೆಯಿಂದ ಆಟ ಸುಧಾರಿಸಿದ್ದು ಕಾಣಲಿಲ್ಲ. ತಂಡ ತನ್ನ ಎಂದಿನ ಮಟ್ಟದಿಂದ ಜಾರಿದಾಗಲೇ ಕೋಚ್ ತಲೆದಂಡವಾಗುವುದರಿಂದ, ಆ ಮಟ್ಟಕ್ಕೆ ತಾನಾಗಿ ಮರಳುವ ಏರಿಕೆಯೂ ಹೊಸಬನ ಖಾತೆಗೆ ಹೋಗುತ್ತದೆ. ಬಿಎಫ್‌ಸಿಯ ಅದೇ ಋತುವಿನಲ್ಲಿ ಕೋಚ್ ಬದಲಿಸದ ತಂಡದ ಉದಾಹರಣೆಯೂ ಇದೆ. ಐಎಸ್‌ಎಲ್‌ಗೆ ಹೊಸದಾಗಿ ಬಂದ ಈಸ್ಟ್ ಬೆಂಗಾಲ್ ಮೊದಲ ಏಳು ಪಂದ್ಯಗಳಲ್ಲಿ ಗೆಲ್ಲಲಿಲ್ಲ, ಕೋಚ್ ರಾಬಿ ಫೌಲರ್ ಅವರನ್ನು ಬದಲಿಸಲೂ ಇಲ್ಲ. ಎಂಟನೆಯದರಲ್ಲಿ, ಜನವರಿ 3ರಂದು, ಒಡಿಶಾವನ್ನು 3–1ರಿಂದ ಸೋಲಿಸಿತು. ಕೋಚ್ ಉಳಿದಲ್ಲೂ ಹೋದಲ್ಲೂ ಗೆಲುವು ಬಂದದ್ದು ಹೆಚ್ಚುಕಡಿಮೆ ಅಷ್ಟೇ ಕಾಯಿಸಿದ ಮೇಲೆ.

ಇದರಿಂದ ಮೂಸಾ ಅವರ ಗೌರವ ಕುಂದುವುದಿಲ್ಲ. ಋತುವಿನ ನಡುವೆ, ಹೊರಜಗತ್ತಿನ ಸಂಪರ್ಕವಿಲ್ಲದ ಹೋಟೆಲಿನಲ್ಲಿ, ತಾನು ಕಟ್ಟದ ತಂಡವನ್ನು ಹೆಗಲಿಗೆ ಹೊತ್ತುಕೊಂಡವರು ಅವರು. ಖಾಯಂ ಕೋಚ್ ಆಗಿ ಜರ್ಮನಿಯ ಮಾರ್ಕೊ ಪೆಜ್ಜಯುವೊಲಿ ಹೆಸರು ಆ ಫೆಬ್ರವರಿಯಲ್ಲೇ ಪ್ರಕಟವಾಯಿತು. ಅಂದರೆ ಬೇರೊಬ್ಬರಿಗೆ ಒಪ್ಪಿಸಬೇಕಾದ ತಂಡದೊಂದಿಗೇ ಅವರು ಮುಂಬೈಯನ್ನು ಮಣಿಸಿದರು. ಬಿಎಫ್‌ಸಿ 22 ಅಂಕಗಳೊಂದಿಗೆ ಏಳನೆಯದಾಗಿ, ಐಎಸ್‌ಎಲ್‌ನಲ್ಲಿ ಮೊದಲ ಬಾರಿ ನಾಕೌಟ್ ತಲುಪದೆ ಮರಳಿತು.

ಕೊನೆಗೊಂದು ಸಂಗತಿ ಸೇರಿಸಬೇಕು. 2024ರ ಜನವರಿ 28ರಂದು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ತಂಡ ಒಡಿಶಾವನ್ನು ಹೆಚ್ಚುವರಿ ಸಮಯದಲ್ಲಿ 3–2ರಿಂದ ಸೋಲಿಸಿ ಸೂಪರ್ ಕಪ್ ಗೆದ್ದಿತು. ಆ ಕ್ಲಬ್‌ಗೆ ಹನ್ನೆರಡು ವರ್ಷಗಳ ಬಳಿಕ ದೊಡ್ಡ ಟ್ರೋಫಿ. ಕೋಚ್ ಸ್ಥಾನದಲ್ಲಿದ್ದವರು ಕಾರ್ಲ್ಸ್ ಕ್ವದ್ರತ್. 111ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದವರು ನಾಯಕ ಕ್ಲೀಟನ್ ಸಿಲ್ವಾ.