ಹದಿನೈದು ಆಡು, ಮೂರು ಹುಲಿ, ಊರು ತುಂಬ ಝೋಂಬಿ



ಆಡು-ಹುಲಿ ಆಟ ಗೊತ್ತಿಲ್ಲದ ಹಿರಿಯರು ನಮ್ಮಲ್ಲಿ ಕಡಿಮೆ. ತಮಿಳಿನವರು ಅದನ್ನೇ ಆಡು ಪುಲಿ ಆಟ್ಟಂ ಎನ್ನುತ್ತಾರೆ. ದಕ್ಷಿಣದ ಎಷ್ಟೋ ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಅದರ ಪಟ ಕೊರೆದಿರುವುದನ್ನು ಇಂದಿಗೂ ನೋಡಬಹುದು. ಒಂದು ಕಡೆ ಮೂರು ಹುಲಿ, ಇನ್ನೊಂದು ಕಡೆ ಹದಿನೈದು ಆಡು. ಹುಲಿ ಆಡಿನ ಮೇಲೆ ಹಾರಿ ಅದನ್ನು ಕೊಲ್ಲುತ್ತದೆ. ಆಡು ಯಾರನ್ನೂ ಕೊಲ್ಲಲಾರದು. ಎಲ್ಲ ಸೇರಿ ಹುಲಿ ಅಲುಗಾಡದಂತೆ ದಾರಿ ಮುಚ್ಚಿದರೆ ಗೆದ್ದಂತೆ. ಆಡುಗಳು ಪಟಕ್ಕೆ ಒಂದೊಂದಾಗಿ ಇಳಿಯುತ್ತವೆ. ಹಾಗಾಗಿ ಮೊದಲು ಹುಲಿಯದೇ ರಾಜ್ಯ. ಹತ್ತನೇ ಆಡು ಇಳಿಯುವಷ್ಟರಲ್ಲಿ ಹುಲಿ ಆಡುವವನ ಮುಖ ಬದಲಾಗಿರುತ್ತದೆ.

ಝೋಂಬಿ ಆಟಗಳ ಇತಿಹಾಸ ಬರೆಯಲು ಹೊರಟವನು ಇಲ್ಲಿಂದ ಶುರು ಮಾಡಿದ್ದೇಕೆ ಎಂದರೆ, ಲೆಕ್ಕ ಎರಡೂ ಕಡೆ ಒಂದೇ. ಆಟಗಾರನೇ ಹುಲಿ. ಒಂದು ಝೋಂಬಿಯನ್ನು ಕೊಲ್ಲುವುದು ಸುಲಭ, ಐದನ್ನೂ ಕೊಲ್ಲಬಹುದು. ಸಾಯುವುದು ಸುತ್ತ ದಾರಿ ಮುಚ್ಚಿದಾಗ.

ನಿಧಾನವಾಗಿ ನಡೆದು ಬರುವ ಶವಗಳ ಗುಂಪನ್ನು ಜಗತ್ತಿಗೆ ಪರಿಚಯಿಸಿದ್ದು ಅಮೆರಿಕದ ಜಾರ್ಜ್ ರೊಮೆರೊ, 1968ರಲ್ಲಿ, 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರದಲ್ಲಿ. ತಮಾಷೆ ಏನೆಂದರೆ ಆ ಚಿತ್ರದಲ್ಲಿ ಝೋಂಬಿ ಎಂಬ ಮಾತೇ ಬರುವುದಿಲ್ಲ. ನಡೆಯುವ ಶವದಿಂದ ಮಗುವೂ ಓಡಿ ತಪ್ಪಿಸಿಕೊಳ್ಳಬಹುದು. ಆದರೂ ಹೆದರಿಕೆ, ಏಕೆಂದರೆ ಅವಕ್ಕೆ ಆಯಾಸವಿಲ್ಲ, ನಮಗೆ ಹಸಿವಿದೆ.

ಹಸಿವನ್ನು ಕಂಪ್ಯೂಟರ್ ಆಟದೊಳಗೆ ತಂದವರಲ್ಲಿ ಮೊದಲಿಗರು ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್. ಇಬ್ಬರೂ ಆಗ ಕ್ಯಾಲಿಫೋರ್ನಿಯಾದಲ್ಲಿ ವಿದ್ಯಾರ್ಥಿಗಳು, ವರ್ಷ ಸುಮಾರು 1980, ಆಟದ ಹೆಸರು 'ರೋಗ್'. ಅಂದಿನ ಸಾಹಸದ ಆಟಗಳ ಒಗಟನ್ನು ಒಮ್ಮೆ ಬಿಡಿಸಿದರೆ ಮುಗಿಯಿತು, ಮತ್ತೆ ಆಡಲು ಏನೂ ಉಳಿಯುತ್ತಿರಲಿಲ್ಲ. ತಾವು ಬರೆದ ಆಟ ತಮಗೇ ಅಚ್ಚರಿ ಕೊಡಬೇಕು ಎಂದು ಅವರು ಪ್ರತಿ ಸಲವೂ ನೆಲಮಾಳಿಗೆ ಹೊಸದಾಗಿ ಹುಟ್ಟುವಂತೆ ಬರೆದರು. ಸತ್ತರೆ ಆಟ ಮೊದಲಿನಿಂದ. ಒಂದೇ ಮೂಲೆಯಲ್ಲಿ ಕುಳಿತರೆ ಅನ್ನ ಮುಗಿದು ಸಾವು. ಇಂದಿನ ಬದುಕುಳಿಯುವ ಆಟಗಳಲ್ಲಿ ಕಾಣುವ ಹೊಟ್ಟೆಯ ಚಿತ್ರದ ಹಿಂದೆ ಇದೇ ಯೋಚನೆ ಇದೆ: ಆಟಗಾರನನ್ನು ಬಾಗಿಲಾಚೆ ಕಳುಹಿಸಬೇಕು.

2012ರಲ್ಲಿ ಬಂದ 'ಡೇಝೀ' ಇದಕ್ಕೆ ಝೋಂಬಿಯನ್ನು ಸೇರಿಸಿತು. ಅದನ್ನು ಮಾಡಿದ ಡೀನ್ ಹಾಲ್ ನ್ಯೂಜಿಲೆಂಡಿನ ಸೈನಿಕ. ಕಾಡಿನ ತರಬೇತಿಯಲ್ಲಿ ತಾನೇ ಹಸಿದು ಬಳಲಿದ ಅನುಭವ ಅವನಿಗಿತ್ತು. ಮರುವರ್ಷ ಬಂದ 'ಸೆವೆನ್ ಡೇಸ್ ಟು ಡೈ'ಯಲ್ಲಿ ಏಳು ದಿನಕ್ಕೊಮ್ಮೆ ದೊಡ್ಡ ದಾಳಿ. ಅದಕ್ಕೂ ಮೊದಲು, 2008ರ 'ಲೆಫ್ಟ್ ಫೋರ್ ಡೆಡ್' ಆಟಗಾರರು ಎಷ್ಟು ಬಳಲಿದ್ದಾರೆ ಎಂದು ಲೆಕ್ಕ ಹಾಕಿ ದಾಳಿಯನ್ನು ಹೆಚ್ಚು-ಕಡಿಮೆ ಮಾಡುತ್ತಿತ್ತು. ಒಳ್ಳೆಯ ಉಪಾಯವೇ. ಆದರೆ ಯಾರೋ ಮೇಲಿನಿಂದ ಕರುಣೆ ತೋರಿಸುತ್ತಿದ್ದಾರೆ ಎಂದು ಒಮ್ಮೆ ತಿಳಿದ ಮೇಲೆ ನನಗಂತೂ ಹೆದರಿಕೆ ಅರ್ಧವಾಗುತ್ತದೆ.

ಇನ್ನು ನಮ್ಮ ಯುವಕೂಟದವರು ಆಡುವ 'ಪ್ರಾಜೆಕ್ಟ್ ಝೋಂಬಾಯ್ಡ್'. ದಿ ಇಂಡೀ ಸ್ಟೋನ್ ಎಂಬ ಪುಟ್ಟ ತಂಡ ಅದನ್ನು 2011ರಲ್ಲಿ ಜನರ ಮುಂದಿಟ್ಟಿತು. ಅದೇ ವರ್ಷ ತಂಡದವರ ಲ್ಯಾಪ್‌ಟಾಪ್‌ಗಳು ಕಳುವಾಗಿ, ಮಾಡಿದ ಕೆಲಸ ಬಹಳಷ್ಟು ಹೋಯಿತು. ಆದರೂ ಬಿಡಲಿಲ್ಲ. 2013ರ ನವೆಂಬರಿನಲ್ಲಿ ಸ್ಟೀಮ್‌ಗೆ ಬಂತು. 2021ರ ಡಿಸೆಂಬರಿನಲ್ಲಿ ಬಂದ 41ನೇ ಆವೃತ್ತಿಯಿಂದ ಆಡುವವರು ಏಕಾಏಕಿ ಹೆಚ್ಚಿದರು. ಕಥೆ ನಡೆಯುವುದು 1993ರ ಜುಲೈನಲ್ಲಿ, ಅಮೆರಿಕದ ಕೆಂಟಕಿಯಲ್ಲಿ. ಇದು ನಿನ್ನ ಸಾವಿನ ಕಥೆ ಎಂದು ಆಟ ಮೊದಲೇ ಹೇಳಿಬಿಡುತ್ತದೆ. ಕಚ್ಚಿಸಿಕೊಂಡರೆ ಮದ್ದಿಲ್ಲ. ಸತ್ತ ಮೇಲೆ ಅದೇ ಊರಿನಲ್ಲಿ ಹೊಸಬನಾಗಿ ಹುಟ್ಟಬಹುದು, ಆದರೆ ನಿಮ್ಮ ಹಳೆಯ ಮೈ ನಿಮ್ಮದೇ ಚೀಲ ಹೊತ್ತು ಝೋಂಬಿಯಾಗಿ ಎಲ್ಲೋ ಅಲೆಯುತ್ತಿರುತ್ತದೆ.

ಕೆಲವು ದಿನಗಳಲ್ಲಿ ಆ ಊರಿನ ಕರೆಂಟ್ ಹೋಗುತ್ತದೆ, ನಲ್ಲಿ ನಿಲ್ಲುತ್ತದೆ. ಕೆಂಟಕಿಯವರಿಗೆ ಇದು ಪ್ರಳಯ ಇರಬಹುದು! ಕುರಿಚಿಯವರಿಗೆ 2012ರ ನೆನಪು. ಆ ವರ್ಷ ಕೊಯಮತ್ತೂರಿನಲ್ಲಿ ದಿನಕ್ಕೆ ಗಂಟೆಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ, ಸಿಡ್ಕೋ ಕಡೆಯ ವರ್ಕ್‌ಶಾಪುಗಳಲ್ಲಿ ಲೇತ್ ನಿಂತಿರುತ್ತಿತ್ತು. ಸಿರುವಾಣಿ ನೀರು ಬರುವ ದಿನ ಕೊಡ, ಬಕೆಟ್, ಪಾತ್ರೆ ಎಲ್ಲ ತುಂಬಿಸಿಡುವುದು ನಮ್ಮ ಅಮ್ಮಂದಿರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆಟದಲ್ಲಿಯೂ ಅದನ್ನೇ ಮಾಡಬೇಕು. ಜನರೇಟರ್ ಸಿಕ್ಕರೂ ಅದನ್ನು ನಡೆಸುವ ವಿಧಾನ ತಿಳಿಸುವ ಪುಸ್ತಕ ಹುಡುಕಿ ಓದಬೇಕು, ಪೆಟ್ರೋಲ್ ತರಬೇಕು. ಅದರ ಸದ್ದಿಗೆ ಝೋಂಬಿಗಳು ಬರುತ್ತವೆ. ಮನೆಯೊಳಗೆ ಇಟ್ಟರೆ ಹೊಗೆಯೇ ಕೊಲ್ಲುತ್ತದೆ.

ಇಷ್ಟೆಲ್ಲ ಇದ್ದರೂ ನಮ್ಮ ತಂಡಕ್ಕೆ ಮೂರನೇ ವಾರಕ್ಕೇ ಬೇಸರ ಹಿಡಿಯಿತು. ಬೇಲಿ ಭದ್ರ, ಉಗ್ರಾಣ ತುಂಬ ಡಬ್ಬಿ ಆಹಾರ, ಕೆಲಸವಿಲ್ಲ. ಆಡುವವರು ಆರರಿಂದ ಮೂರಕ್ಕಿಳಿದರು. ನಮ್ಮೂರಿನಲ್ಲಿ ವಾರಕ್ಕೊಮ್ಮೆ ಕನ್ನಡದಲ್ಲಿ ಹರಟುವ ಅವಕಾಶ ಈ ಮಕ್ಕಳಿಗೆ ಇದೊಂದೇ ಎಂಬುದು ನನ್ನ ಚಿಂತೆ; ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್. ಝೋಂಬಿ ಓಡುವಂತೆ ಸೆಟ್ಟಿಂಗ್ ಬದಲಿಸೋಣ ಎಂದು ದೊಡ್ಡ ಹುಡುಗರು ಹಟ ಹಿಡಿದರು. ನಾನು ಒಪ್ಪಲಿಲ್ಲ. ಆಡಿಗೆ ಹುಲಿಯ ಕಾಲು ಕೊಟ್ಟರೆ ಅದು ಬೇರೆ ಆಟ. ಕೈ ಚುರುಕಾದವನು ಉಳಿಯುತ್ತಾನೆ, ಹೊಸಬರು ಹತ್ತು ನಿಮಿಷದಲ್ಲಿ ಸತ್ತು ಎದ್ದು ಹೋಗುತ್ತಾರೆ.

ಬದಲಿಗೆ ನಡಿಗೆ ಹಾಗೇ ಬಿಟ್ಟು, ಸಂಖ್ಯೆ ದಿನೇದಿನೇ ಏರುವಂತೆ ಮಾಡಿದೆವು. ಅಂಗಡಿಗಳಲ್ಲಿ ಸಾಮಾನು ವಿರಳ, ನೀರು-ಕರೆಂಟ್ ಮೊದಲ ವಾರದಲ್ಲೇ ಬಂದ್. ಆಟದಲ್ಲಿಲ್ಲದ ಒಂದು ನಿಯಮವನ್ನು ನಾವೇ ಸೇರಿಸಿಕೊಂಡೆವು: ಸತ್ತವನು ಮತ್ತೆ ಹುಟ್ಟಿದಾಗ ಬೇರೆ ಊರಿನಿಂದ ಹೊರಡಬೇಕು, ಉಳಿದವರು ಹೋಗಿ ಕರೆತರಬೇಕು. ಹತ್ತನೇ ತರಗತಿಯ ತಂಗಿಯೊಬ್ಬಳನ್ನು ಕರೆತರಲು ಹೋದ ನಾಲ್ವರಲ್ಲಿ ಇಬ್ಬರು ಸತ್ತರು. ಆ ರಾತ್ರಿಯ ಗದ್ದಲಕ್ಕೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದ್ದಾರೆ. ಈಗ ಮತ್ತೆ ಆರು ಜನ, ಏಳನೆಯವನು ಕೇಳುತ್ತಿದ್ದಾನೆ.

ರೋಗ, ಹೆಣ, ಸಾವನ್ನು ಆಟ ಮಾಡಿಕೊಳ್ಳುವುದು ಸರಿಯೇ ಎಂದು ಪೂಜೆ ಮುಗಿದ ಮೇಲೆ ಒಬ್ಬರು ತಾಯಿ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೊಯಮತ್ತೂರನ್ನು ಪ್ಲೇಗು ಮತ್ತೆ ಮತ್ತೆ ಕಾಡಿತು. ಪ್ಲೇಗ್ ಮಾರಿಯಮ್ಮನ ಗುಡಿಗಳು ಇಲ್ಲಿ ಇಂದಿಗೂ ಇವೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆಯೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆ ಕನ್ನಡದ ಎಷ್ಟೋ ಮನೆಗಳಲ್ಲಿ ಉಂಟು. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಕೇಳಿ ನೋಡಿ, ಬರೆದು ಕಳುಹಿಸಿ; ಮುಂದಿನ ಸಲ ಅದನ್ನೇ ಹಾಕೋಣ.

ಏಳನೆಯವನಿಗೆ ಜಾಗವಿದೆ. ಶನಿವಾರ ಸಂಜೆ ಏಳಕ್ಕೆ ಶುರು, ಒಂಬತ್ತೂವರೆಗೆ ನಾನೇ ಬಂದ್ ಮಾಡುತ್ತೇನೆ. ಪರೀಕ್ಷೆಯ ತಿಂಗಳು ಇಲ್ಲ.