ಶಾಪ ಮತ್ತು ಮೇಲ್ಮನವಿ

ಹಾಸನದ ಬಳಿಯ ಕೊರವಂಗಲದ ಬೂಚೇಶ್ವರ ಗುಡಿಯನ್ನು ಕೇಳುಗರಲ್ಲಿ ಹಲವರು ನೋಡಿರಬಹುದು. 1173ರಲ್ಲಿ, ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಕಾಲಕ್ಕೆ, ಬೂಚಿರಾಜ ಕಟ್ಟಿಸಿದ್ದು ಅದು. ಆ ಕಾಲದ ದತ್ತಿಶಾಸನಗಳು ಸಾಮಾನ್ಯವಾಗಿ ಶಾಪದಲ್ಲಿ ಮುಗಿಯುತ್ತವೆ: ಕೊಟ್ಟದ್ದನ್ನು ಕಸಿದವನಿಗೆ ನರಕ. ಪಡೆದವನಿಗೆ ಅದೇ ಕಾವಲು. ಕೇಳಿಯೂ ಪಡೆಯದವನ ವಿಷಯದಲ್ಲಿ ಕಲ್ಲು ಮೌನ.

ಕಳೆದ ವರ್ಷ ಆ ಗುಡಿಯ ನೆರಳಿನಲ್ಲಿ ಊರಿನವರೊಬ್ಬರು ನನ್ನ ಮುಂದೆ ಕಾಗದಗಳನ್ನು ಹರವಿದರು. ಬಾಲ್ಯದ ಪೋಲಿಯೋದಿಂದ ಒಂದು ಕಾಲು ಸೊರಗಿದೆ. ಪ್ರಮಾಣಪತ್ರದಲ್ಲಿ ಶೇಕಡಾ 35 ಎಂದಿತ್ತು. ಮಾಸಾಶನದ ಅರ್ಜಿ ತಿರಸ್ಕೃತವಾಗಿತ್ತು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು, 2016ರದು ಇಪ್ಪತ್ತೊಂದನ್ನು. ಶೇಕಡಾ 40ರ ಗೆರೆ ಮಾತ್ರ ಕದಲಲಿಲ್ಲ. ಕೆಸರು ಬದುವಿನ ಮೇಲೆ ಕೋಲೂರಿ ನಡೆಯುವ ಕಷ್ಟವನ್ನು ಆ ಅಂಕಿ ಹೇಗೆ ಅಳೆದೀತೋ, ನಾನರಿಯೆ!

ಆದರೆ ಹೊಸ ಕಾಯ್ದೆಯ 59ನೆಯ ಕಲಮಿದೆ. ಪ್ರಮಾಣಪತ್ರದ ನಿರ್ಣಯವನ್ನು ಒಪ್ಪದವರು ರಾಜ್ಯ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಶಾಸನಕಾರನಿಗೆ ಹೊಳೆಯದ ಬಾಗಿಲು ಇದು.

“ದಯವಿಟ್ಟು ಕೃಪೆ ತೋರಬೇಕು ಅಂತ ಬರೀಲಾ, ಮೇಷ್ಟ್ರೇ?” ಎಂದರು.

“ಬೇಡಿ. ಮರುಪರೀಕ್ಷೆ ಮಾಡಿಸಬೇಕು ಅಂತ ಬರೀರಿ” ಎಂದೆ.

ಒಂದು ಸಾಲು ಹೊಡೆದುಹಾಕಿ, ಕೆಳಗೆ ಸಹಿ ಮಾಡಿದರು. ಉತ್ತರ ಇನ್ನೂ ಬಂದಿಲ್ಲ.